ಕಣಿವೆಕಾಡಿನಿಂದ ಮಲೆಕಾಡಿಗೆ: ಕೊಡಗಿನ ಮೂರು ಚಾರಣದ ಹಾದಿಗಳು, ಒಂದು ದೇವರಕಾಡು

ಕೊಡಗಿನ ಚಾರಣದ ಹಾದಿಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಬೆಟ್ಟದ ಎತ್ತರ, ಹತ್ತಲು ಬೇಕಾಗುವ ಹೊತ್ತು, ತುದಿಯಿಂದ ಕಾಣುವ ನೋಟ ಇಷ್ಟನ್ನು ಹೇಳಿ ನಿಲ್ಲಿಸುತ್ತಾರೆ. ನಡುವೆ ದಾಟಿ ಬಂದ ಕಾಡಿಗೆ ‘ದಟ್ಟ ಅರಣ್ಯ’ ಎಂಬ ಎರಡೇ ಮಾತು ಸಲ್ಲುತ್ತದೆ. ಕುಶಾಲನಗರದಲ್ಲಿ ನೆಲೆಸಿ, ಬಿಡುವು ಸಿಕ್ಕಾಗಲೆಲ್ಲ ಪಶ್ಚಿಮದ ಬೆಟ್ಟಗಳ ಕಡೆಗೆ ಹೊರಡುವ ನನಗೆ ಈ ಅಳತೆ ಎಂದೂ ಒಪ್ಪಿಗೆಯಾಗಿಲ್ಲ. ಒಂದು ಹಾದಿಯಲ್ಲಿ ನಡೆಯುವಾಗ ಎಷ್ಟು ಬಗೆಯ ಕಾಡುಗಳನ್ನು ದಾಟುತ್ತೇವೆ, ಒಂದು ಬಗೆ ಮುಗಿದು ಇನ್ನೊಂದು ಮೊದಲಾಗುವ ಜಾಗ ಕಣ್ಣಿಗೆ ಕಾಣುತ್ತದೆಯೇ, ಜೊತೆಗೆ ಬರುವ ಮಾರ್ಗದರ್ಶಕರು ಆ ಮರಗಳನ್ನು ಹೆಸರು ಹಿಡಿದು ತೋರಿಸಬಲ್ಲರೇ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ನಾನು ಹಾದಿಗಳನ್ನು ತೂಗುತ್ತೇನೆ. ಹಾಗೆ ತೂಗಿದಾಗ ಇರ್ಪುವಿನಿಂದ ಬ್ರಹ್ಮಗಿರಿಗೆ ಹೋಗುವ ಹಾದಿ ಮೊದಲ ಸ್ಥಾನದಲ್ಲಿ ನಿಲ್ಲುತ್ತದೆ. ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟವಾದರೂ ಅದರ ಹಾದಿ ಎರಡನೆಯದು. ಪುಷ್ಪಗಿರಿಯದು ಮೂರನೆಯದು.

ಹಾದಿಗಳ ಮಾತಿಗೆ ಮೊದಲು ನೆಲದ ಮಾತು ಸ್ವಲ್ಪ ಬೇಕು. ಹಳಬರು ಕೊಡಗಿನ ಕಾಡನ್ನು ಮಲೆಕಾಡು ಮತ್ತು ಕಣಿವೆಕಾಡು ಎಂದು ಎರಡಾಗಿ ಗುರುತಿಸುತ್ತಿದ್ದರು. ಪಶ್ಚಿಮದ ಬೆಟ್ಟಸಾಲಿನ ನಿತ್ಯಹರಿದ್ವರ್ಣದ ಕಾಡು ಮಲೆಕಾಡು, ಪೂರ್ವದ ಇಳಿಜಾರಿನಲ್ಲಿ ಬೇಸಗೆಯಲ್ಲಿ ಎಲೆ ಉದುರಿಸುವ ಕಾಡು ಕಣಿವೆಕಾಡು. ಕುಶಾಲನಗರದಿಂದ ಸುಂಟಿಕೊಪ್ಪದ ಕಡೆಗೆ ಹೋಗುವಾಗ ರಸ್ತೆಯ ಎರಡೂ ಬದಿಗೆ ಸಿಗುವ ಆನೆಕಾಡು ಈ ಎರಡನೆಯ ಬಗೆಗೆ ಕೈಗೆಟುಕುವ ಉದಾಹರಣೆ. ಫೆಬ್ರವರಿ ಕೊನೆಯಲ್ಲಿ ಅಲ್ಲಿ ತೇಗದ ಮರಗಳು ಬೋಳಾಗಿ ನಿಂತಿರುತ್ತವೆ, ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಒಡೆದು ಕಾಣುತ್ತದೆ, ನಂದಿ ಮರದ ನುಣುಪಾದ ಬಿಳಿಚು ಕಾಂಡ ದೂರದಿಂದಲೇ ಹೊಳೆಯುತ್ತದೆ. ಅದೇ ದಿನ ಸುಮಾರು ಎರಡು ಗಂಟೆ ಪ್ರಯಾಣ ಮಾಡಿ ಕಕ್ಕಬ್ಬೆಯ ಮೇಲಿನ ಕಾಡನ್ನು ಹೊಕ್ಕರೆ ಒಂದು ಎಲೆಯೂ ಉದುರಿರುವುದಿಲ್ಲ. ನೆಲ ಒದ್ದೆಯಾಗಿರುತ್ತದೆ, ಮಧ್ಯಾಹ್ನದಲ್ಲೂ ಮಬ್ಬು ಕವಿದಿರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಪಶ್ಚಿಮದ ಗೋಡೆಗೆ ತಾಗಿ ಅಲ್ಲಿಯೇ ಬಹುಪಾಲು ಸುರಿದುಬಿಡುವುದರಿಂದ, ಪೂರ್ವಕ್ಕೆ ಬಂದಂತೆಲ್ಲ ಮಳೆ ಬೇಗ ಬೇಗನೆ ಕಡಿಮೆಯಾಗುತ್ತದೆ. ಕೊಡಗಿನ ಕಾಡು ಮಿಶ್ರವಾಗಿರುವುದಕ್ಕೆ ಮುಖ್ಯ ಕಾರಣ ಇದೇ. ಒಳ್ಳೆಯ ಹಾದಿ ಎಂದರೆ ಈ ಇಳಿಕೆಯನ್ನು ಕಾಲ್ನಡಿಗೆಯಲ್ಲಿ ಓದಿಸುವ ಹಾದಿ ಎಂಬುದು ನನ್ನ ನಂಬಿಕೆ.

ಇರ್ಪು–ಬ್ರಹ್ಮಗಿರಿ ಹಾದಿಗೆ ನಾನು ಹೋದದ್ದು ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುವ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ಎರಡು ವಾರಗಳ ಮೇಲೆ, ಒಂದು ಬುಧವಾರ. ಓದುಗರು ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು: ತಲಕಾವೇರಿಯಲ್ಲಿ ಮೆಟ್ಟಿಲು ಹತ್ತಿ ನೋಡುವ ಬೆಟ್ಟಕ್ಕೂ ಬ್ರಹ್ಮಗಿರಿ ಎಂದೇ ಹೆಸರು. ನಾನು ಹೇಳುತ್ತಿರುವುದು ದಕ್ಷಿಣ ಕೊಡಗಿನಲ್ಲಿ, ಕೇರಳದ ವಯನಾಡಿನ ಗಡಿಗೆ ಹೊಂದಿಕೊಂಡಿರುವ 1608 ಮೀಟರ್ ಎತ್ತರದ ಬ್ರಹ್ಮಗಿರಿಯನ್ನು. ಇದನ್ನೊಳಗೊಂಡ 181 ಚದರ ಕಿಲೋಮೀಟರ್ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಈ ಮೂರೂ ವನ್ಯಜೀವಿಧಾಮಗಳು ಅದರಲ್ಲಿದ್ದವು. ಹಾದಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಾರ್ಗದರ್ಶಕರಿಲ್ಲದೆ ಬಿಡುವುದಿಲ್ಲ. ಈ ನಿಯಮವನ್ನು ಕೆಲವರು ತೊಡಕೆಂದು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಆ ಹಾದಿಯ ಬೆಲೆ ಅರ್ಧದಷ್ಟು ಇರುವುದು ಮಾರ್ಗದರ್ಶಕರಲ್ಲಿಯೇ.

ಮಾರ್ಗದರ್ಶಕರಾಗಿ ನಮ್ಮ ಜೊತೆ ಬಂದವರು ಯರವ ಬುಡಕಟ್ಟು ಸಮುದಾಯದ, ಐವತ್ತು ದಾಟಿದ ಒಬ್ಬರು. ನನ್ನ ಹೆಂಡತಿ ಅವರನ್ನು ಮೊದಲಿನಿಂದಲೂ ‘ಅಣ್ಣ’ ಎಂದೇ ಕರೆದಳು. ಇರ್ಪುವಿನ ರಾಮೇಶ್ವರ ದೇವಸ್ಥಾನವನ್ನು ದಾಟಿ, ಜಲಪಾತದ ಸದ್ದು ಬಲಗಿವಿಗೆ ಕೇಳುತ್ತಿರುವಾಗ ಅವರು ಮೊದಲು ನಿಂತದ್ದು ಒಂದು ಮಾಮೂಲಿ ಮರದ ಬಳಿ. ‘ಇದನ್ನು ಮಾತ್ರ ಮುಟ್ಟಬೇಡಿ ಅಕ್ಕ, ಉಳಿದ ಎಲ್ಲವನ್ನೂ ಮುಟ್ಟಿ’ ಎಂದರು. ಅದು ಹೊಳೆಗೇರು. ಗೇರುಬೀಜದ ಕುಟುಂಬಕ್ಕೆ ಸೇರಿದ ಈ ಮರದ ಹಾಲು ಗಾಳಿ ತಾಗಿದೊಡನೆ ಕಪ್ಪಾಗುತ್ತದೆ, ಚರ್ಮಕ್ಕೆ ತಗುಲಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಕಾಂಡದ ಮೇಲೆ ಇಳಿದು ಒಣಗಿದ ಕಪ್ಪು ಗೆರೆಗಳನ್ನು ಅವರು ತೋರಿಸಿದ ಮೇಲೆ ಆ ಮರವನ್ನು ನಾವೇ ಗುರುತಿಸತೊಡಗಿದೆವು. ಇಂಥ ಒಂದು ತಿಳಿವಳಿಕೆ ಹಾದಿಯ ಮೊದಲ ಹತ್ತು ನಿಮಿಷದಲ್ಲಿ ಸಿಕ್ಕಿದರೆ ಮುಂದಿನ ನಡಿಗೆಯ ಗುಣವೇ ಬದಲಾಗುತ್ತದೆ. ಕಣ್ಣು ತಾನಾಗಿ ತೊಗಟೆಗಳನ್ನು ಹುಡುಕುತ್ತದೆ.

ಇರ್ಪುವಿನಿಂದ ನರಿಮಲೆಯ ಅರಣ್ಯ ಶಿಬಿರದವರೆಗಿನ ಭಾಗವೇ ಈ ಹಾದಿಯ ಜೀವಾಳ. ಕೆಳಗೆ ಬಿದಿರು, ಮತ್ತಿ, ನಂದಿ, ಬೀಟೆ, ಹೊನ್ನೆ ಇವು ಕಾಣಿಸುತ್ತವೆ. ಹೊನ್ನೆಯ ತೊಗಟೆಯಲ್ಲಿ ಗಾಯವಾದ ಕಡೆ ರಕ್ತದಂತಹ ಕೆಂಪು ರಸ ಇಳಿದು ಗಟ್ಟಿಯಾಗಿತ್ತು. ಸ್ವಲ್ಪ ಮೇಲೇರಿದ ಮೇಲೆ ಒಂದು ಕೊಲ್ಲಿಯನ್ನು ದಾಟುತ್ತೇವೆ. ಕೊಡಗಿನಲ್ಲಿ ಕೊಲ್ಲಿ ಎಂದರೆ ಬೆಟ್ಟದ ಮಡಿಲಿನಲ್ಲಿ ಹರಿಯುವ ಸಣ್ಣ ತೊರೆ. ಆಚೆ ದಡದಲ್ಲಿ ಎಲೆ ಉದುರಿಸುವ ಮರಗಳು ಬಹುಮಟ್ಟಿಗೆ ಹಿಂದೆ ಉಳಿದಿದ್ದವು. ಗಡಿಗೆರೆ ಎಳೆದಷ್ಟು ನಿಖರವಲ್ಲ. ಸುಮಾರು ಅರ್ಧ ಕಿಲೋಮೀಟರ್ ದೂರ ಎರಡೂ ಬಗೆಯ ಮರಗಳು ಒಂದರೊಳಗೊಂದು ಬೆರೆತಿರುತ್ತವೆ. ಆದರೆ ಕಾಲಕೆಳಗಿನ ಸದ್ದು ಬದಲಾದದ್ದನ್ನು ನಾವಿಬ್ಬರೂ ಒಟ್ಟಿಗೆ ಗಮನಿಸಿದೆವು: ಅಲ್ಲಿಯವರೆಗೆ ಒಣಗಿದ ಎಲೆ ಮುರಿಯುವ ಸದ್ದು, ಆಮೇಲೆ ಮೆತ್ತನೆಯ ಒದ್ದೆ ಮಣ್ಣು.

ಅಲ್ಲಿಂದ ಮುಂದೆ ನಾಗಸಂಪಿಗೆ, ಧೂಪ, ರಾಮಪತ್ರೆ, ಹೆಬ್ಬಲಸು, ಉಪ್ಪಾಗೆ. ಉಪ್ಪಾಗೆಯ ಹಣ್ಣಿನ ರಸವನ್ನು ಕುದಿಸಿ ಕಪ್ಪಾಗಿ ಇಳಿಸಿದರೆ ಅದೇ ಕೊಡವರ ಅಡುಗೆಮನೆಯ ಕಾಚಂಪುಳಿ. ಆ ಹುಳಿಯಿಲ್ಲದೆ ಹಂದಿಮಾಂಸದ ಪಂದಿಕರಿ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೆ ಆ ಹುಳಿಯ ಮರವನ್ನು ಕಾಡಿನಲ್ಲಿ ನಿಂತು ನೋಡಿದವರು ಪೇಟೆಯಲ್ಲಿ ವಿರಳ. ಕರಿಧೂಪದ ಎಳೆಯ ಗಿಡವೊಂದು ಹಾದಿಯ ಬದಿಯಲ್ಲಿ ಕೆಂಡದಷ್ಟು ಕೆಂಪಾದ ಚಿಗುರನ್ನು ಹೊತ್ತು ನಿಂತಿತ್ತು. ಹೂವೆಂದು ಹತ್ತಿರ ಹೋದೆವು, ಎಲೆಯಾಗಿತ್ತು. ದೊಡ್ಡ ಮರಗಳ ಬುಡದಲ್ಲಿ ಆಳೆತ್ತರದ ಹಲಗೆಬೇರುಗಳು ಗೋಡೆಯಂತೆ ಹರಡಿರುತ್ತವೆ. ವರ್ಷದಲ್ಲಿ ಹಲವು ತಿಂಗಳು ನೀರು ಕುಡಿದ ಸಡಿಲ ಮಣ್ಣಿನಲ್ಲಿ, ಆಳಕ್ಕೆ ಇಳಿಯದ ಬೇರುಗಳಿರುವ ಮರಕ್ಕೆ ಇದೇ ಊರುಗೋಲು. ಸುರಹೊನ್ನೆಯ ಬಳಗಕ್ಕೆ ಸೇರಿದ, ಕೊಂಬೆಯಿಲ್ಲದೆ ನೆಟ್ಟಗೆ ಮೇಲೇರುವ ಪೂನ್ ಮರವನ್ನೂ ಅವರು ತೋರಿಸಿದರು. ಹಾಯಿಹಡಗಿನ ಕಾಲದಲ್ಲಿ ಕೂವೆಕಂಬಕ್ಕಾಗಿ ಈ ಜಾತಿಯ ಮರಗಳನ್ನು ಇಲ್ಲಿಯ ಮಲೆಕಾಡಿನಿಂದ ಕಡಿದು ಸಾಗಿಸುತ್ತಿದ್ದರು.

ಪ್ರಾಣಿಗಳ ವಿಷಯದಲ್ಲಿ ಹೆಚ್ಚಿನ ಆಸೆ ಇಟ್ಟುಕೊಂಡು ಹೋಗಬಾರದು. ಮಲೆಕಾಡಿನಲ್ಲಿ ನೋಟ ಹತ್ತು ಮಾರು ದಾಟುವುದಿಲ್ಲ. ಇಲ್ಲಿ ಪ್ರಾಣಿಗಳನ್ನು ಅವು ಬಿಟ್ಟುಹೋದ ಗುರುತುಗಳಿಂದಲೇ ಓದಬೇಕು, ಮತ್ತು ಆ ಓದು ಬಲು ಸೊಗಸು. ಹಾದಿಯ ನಡುವಿನ ಬಂಡೆಯೊಂದರ ಮೇಲೆ ಬೈನೆ ಮರದ ಬೀಜಗಳ ಒಂದು ಸಣ್ಣ ಗುಡ್ಡೆ ಇತ್ತು. ಕಬ್ಬೆಕ್ಕು ರಾತ್ರಿ ಹಣ್ಣು ತಿಂದು ಬೀಜಗಳನ್ನು ಹಾಗೆಯೇ ಹಿಕ್ಕೆಯಲ್ಲಿ ಬಿಟ್ಟುಹೋಗಿತ್ತು. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಕಂದು ಕಬ್ಬೆಕ್ಕು ಇಲ್ಲಿಯ ಮರಗಳ ಬೀಜವನ್ನು ಹರಡುವ ಮುಖ್ಯ ಪ್ರಾಣಿಗಳಲ್ಲಿ ಒಂದು. ಕೆಂದಳಿಲು ಎರಡು ಬಾರಿ ಮೇಲಿನ ಕೊಂಬೆಯಿಂದ ಗದರಿಸಿತು. ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ತಲೆಯ ಮೇಲೆ ಹಾರಿಹೋದಾಗ ರೆಕ್ಕೆಯ ಸದ್ದು ಉಸಿರೆಳೆದಂತೆ ಕೇಳಿಸಿತು. ಗೂಡುಕಟ್ಟುವ ಕಾಲದಲ್ಲಿ ಹೆಣ್ಣು ಮರದ ಪೊಟರೆಯನ್ನು ಹೊಕ್ಕು ಬಾಯಿಯನ್ನು ಮೆತ್ತಿಕೊಂಡು ಒಳಗೇ ಉಳಿಯುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ಹಣ್ಣು ಕೊಡುತ್ತದೆ. ಹಾಗಾಗಿ ಪೊಟರೆಯಿರುವ ಹಳೆಯ ಮರ ಮತ್ತು ಹಣ್ಣು ಬಿಡುವ ಆಲ, ಅತ್ತಿಗಳು ಇಲ್ಲದ ಕಡೆ ಮಂಗಟ್ಟೆಯೂ ಇಲ್ಲ. ಬ್ರಹ್ಮಗಿರಿಯ ಈ ಇಳಿಜಾರಿನಲ್ಲಿ ಎರಡೂ ಇವೆ.

ಶಿಬಿರ ಇನ್ನೂ ಒಂದು ಕಿಲೋಮೀಟರ್ ಇರುವಾಗ ಅಣ್ಣ ಕೈಯೆತ್ತಿ ನಿಲ್ಲಿಸಿದರು. ಒಂದು ಬೈನೆ ಮರವನ್ನು ನೆಲಕ್ಕೆ ಕೆಡವಿ, ಸೀಳಿ, ಒಳಗಿನ ತಿರುಳನ್ನು ಆನೆ ತಿಂದಿತ್ತು. ಲದ್ದಿಯನ್ನು ಅವರು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿ ಆರಿಲ್ಲವೆಂದರು. ಇಪ್ಪತ್ತು ನಿಮಿಷ ನಾವು ಮಾತಿಲ್ಲದೆ ಕಾದೆವು. ಕೆಳಗಿನ ಕಣಿವೆಯಲ್ಲಿ ಎರಡು ಕೊಂಬೆ ಮುರಿದ ಸದ್ದು ಕೇಳಿಸಿದ ಮೇಲೆ, ಆನೆ ಇಳಿದುಹೋಯಿತೆಂದು ಖಚಿತಪಡಿಸಿಕೊಂಡು ಮುಂದೆ ಕರೆದೊಯ್ದರು. ಮಾರ್ಗದರ್ಶಕರ ಶುಲ್ಕ ಹೆಚ್ಚೆಂದು ಗೊಣಗುವವರು ಈ ಇಪ್ಪತ್ತು ನಿಮಿಷಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ಕೋರಿಕೆ.

ನರಿಮಲೆಯಿಂದ ಮೇಲಕ್ಕೆ ಕಾಡು ಹಠಾತ್ತನೆ ತೆರೆದು ಹುಲ್ಲುಗಾವಲು ಬರುತ್ತದೆ. ಬೆಟ್ಟದ ಬೆನ್ನುಗಳ ಮೇಲೆ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕುಳ್ಳಾದ, ಒತ್ತೊತ್ತಾದ ಶೋಲಾ ಕಾಡು. ಬೆನ್ನಿನ ಮೇಲೆ ಗಾಳಿ ಬಿರುಸು, ಮಣ್ಣು ತೆಳು. ಮಡಿಕೆಗಳಲ್ಲಿ ಮಣ್ಣು ಮತ್ತು ನೀರು ಎರಡೂ ಸೇರಿಕೊಳ್ಳುತ್ತವೆ. ದೂರದಿಂದ ನೋಡುವವರಿಗೆ ಈ ಹುಲ್ಲು ಬರಿದಾದ ಗುಡ್ಡದಂತೆ ಕಾಣಬಹುದು, ಇಲ್ಲಿ ಮರ ನೆಡಬಾರದೇಕೆಂದು ಕೇಳಿದವರೂ ನಮ್ಮ ಬಳಗದಲ್ಲಿದ್ದಾರೆ. ಆದರೆ ಮಳೆಯ ನೀರನ್ನು ಹೀರಿ ಹಿಡಿದು ಬೇಸಗೆಯುದ್ದಕ್ಕೂ ಕೊಲ್ಲಿಗಳಿಗೆ ಬಿಟ್ಟುಕೊಡುವಲ್ಲಿ ಹುಲ್ಲಿಗೂ ಶೋಲಾಕ್ಕೂ ಜೊತೆ ಪಾಲಿದೆ; ಕಡವೆ, ಕಾಟಿಗಳಿಗೆ ಮೇವೂ ಇಲ್ಲಿಯದೇ. ತುದಿಯಲ್ಲಿ ನಿಂತಾಗ ನೀರಿನ ಎರಡು ದಾರಿಗಳು ಮನಸ್ಸಿಗೆ ಬಂದವು. ಬ್ರಹ್ಮಗಿರಿ ಸಾಲಿನ ಪೂರ್ವಕ್ಕೆ ಹರಿದ ನೀರು ಲಕ್ಷ್ಮಣತೀರ್ಥವಾಗಿ ಇರ್ಪುವಿನಲ್ಲಿ ಧುಮುಕಿ ಕಾವೇರಿಯನ್ನು ಸೇರುತ್ತದೆ, ಪಶ್ಚಿಮಕ್ಕೆ ಇಳಿದ ನೀರು ಬಾರಾಪೊಳೆಯಾಗಿ ಕೇರಳದ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ರಾಮನ ಬಾಯಾರಿಕೆ ತಣಿಸಲು ಲಕ್ಷ್ಮಣ ಬಾಣ ಹೂಡಿ ನೀರು ತರಿಸಿದ ಕಥೆಯನ್ನು ಬೆಳಿಗ್ಗೆ ದೇವಸ್ಥಾನದಲ್ಲಿ ಕೇಳಿ, ಮಧ್ಯಾಹ್ನ ಅದೇ ನೀರು ಹುಲ್ಲಿನ ಬುಡದಿಂದ ಒಸರುವುದನ್ನು ಕಾಣುವ ಭಾಗ್ಯ ಈ ಹಾದಿಯಲ್ಲಿದೆ.

ಕೊರತೆಗಳನ್ನೂ ಹೇಳಬೇಕು. ಹೋಗಿಬರಲು ಒಂದು ಇಡೀ ದಿನ ಬೇಕು. ಬೆಳಿಗ್ಗೆ ಏಳಕ್ಕೆ ಹೊರಡದಿದ್ದರೆ ತುದಿಯ ಆಸೆ ಬಿಡುವುದು ಲೇಸು. ನರಿಮಲೆಯಿಂದ ಮುಂದಿನ ಏರು ಮೊಣಕಾಲು ನೋವಿರುವವರಿಗೆ ತಕ್ಕದ್ದಲ್ಲ. ಅಂಥವರು ಶಿಬಿರದವರೆಗೆ ಹೋಗಿ ಮರಳಿದರೂ ಈ ಹಾದಿಯ ಉತ್ತಮ ಭಾಗವನ್ನು ನೋಡಿದಂತೆಯೇ.

ತಡಿಯಂಡಮೋಳ್ 1748 ಮೀಟರ್. ವಿರಾಜಪೇಟೆಯಿಂದ ಕಕ್ಕಬ್ಬೆಗೆ ಬಸ್ಸಿದೆ. ಕೈಕಂಬದಲ್ಲಿ ಇಳಿದು ಕಾಫಿ ತೋಟಗಳ ನಡುವಿನ ರಸ್ತೆ ಹಿಡಿದರೆ ನಾಲ್ಕುನಾಡು ಅರಮನೆ ಸಿಗುತ್ತದೆ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಎರಡಂತಸ್ತಿನ ಈ ಮನೆಯನ್ನು ಕಾಡಿನ ಮರೆಯೇ ಕಾಪಾಡುತ್ತಿತ್ತು. 1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬ್ರಿಟಿಷರಿಂದ ತಪ್ಪಿಸಿಕೊಂಡು ಬಂದದ್ದೂ ಇಲ್ಲಿಗೇ. ಚಾರಣಿಗರು ಬಹುಪಾಲು ಮಂದಿ ಅರಮನೆಯನ್ನು ಹೊರಗಿನಿಂದಲೇ ನೋಡಿ ಮುಂದೆ ಹೋಗುತ್ತಾರೆ. ಗೋಡೆಯ ಚಿತ್ರಗಳಿಗಾಗಿ ಅರ್ಧ ಗಂಟೆ ಕೊಡಬೇಕೆಂದು ನಾನು ಹೇಳುತ್ತೇನೆ.

ಇಲ್ಲಿಯ ಹಾದಿಯ ವಿಶೇಷವೆಂದರೆ ಕಾಫಿ ತೋಟವೇ ಅದರ ಮೊದಲ ಕಾಡು. ಒಳ್ಳೆಯ ಹಳೆಯ ತೋಟದಲ್ಲಿ ಕಾಫಿಯ ಮೇಲೆ ಅತ್ತಿ, ಹೊನ್ನೆ, ಹಲಸು, ಹೆಬ್ಬಲಸುಗಳ ನೆರಳಿರುತ್ತದೆ, ಅವಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಹಕ್ಕಿಗಳು ಇದನ್ನೂ ಕಾಡೆಂದೇ ಬಗೆಯುತ್ತವೆ. ಪಕ್ಕದ ತೋಟದಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಮಾತ್ರ ಸಾಲಾಗಿ ನಿಂತಿದ್ದರೆ ಹಕ್ಕಿಗಳ ಸದ್ದು ಕಡಿಮೆಯಾದದ್ದು ಕಿವಿಗೇ ತಿಳಿಯುತ್ತದೆ. ಕಕ್ಕಬ್ಬೆ ಒಂದು ಕಾಲಕ್ಕೆ ಜೇನಿಗೆ ಹೆಸರಾದ ಊರು. ತೋಟ ಮತ್ತು ಕಾಡು ಅಂಚಿಗೆ ಅಂಚು ಕೂಡಿದ್ದುದೇ ಅದರ ಸಿರಿಗೆ ಕಾರಣ: ಹೂಮಳೆ ಬಿದ್ದು ಕಾಫಿ ಒಮ್ಮೆಲೇ ಅರಳಿದಾಗ ಒಂದು ಹಬ್ಬ, ಕಾಡಿನ ಮರಗಳು ಹೂ ಬಿಟ್ಟಾಗ ಇನ್ನೊಂದು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಕುಟುಂಬಗಳನ್ನು ಭಾರಿ ಸಂಖ್ಯೆಯಲ್ಲಿ ನಾಶಮಾಡಿತು. ಹಾದಿಯಲ್ಲಿ ಜೇನುಪೆಟ್ಟಿಗೆ ಕಂಡಾಗ ಈ ಹಿನ್ನೆಲೆ ಗೊತ್ತಿದ್ದರೆ ನೋಡುವ ಬಗೆ ಬೇರೆಯಾಗುತ್ತದೆ.

ಅರಣ್ಯದ ತಪಾಸಣಾ ಕೇಂದ್ರ ದಾಟಿದ ಮೇಲೆ ಜೀಪು ಹಾದಿಯಷ್ಟು ಅಗಲದ ದಾರಿ; ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಕಾಡಿನ ಮಡಿಕೆಗಳು. ಒಂದು ದೊಡ್ಡ ಬಂಡೆಯ ಬಳಿ ಎಲ್ಲರೂ ಕುಳಿತು ಊಟ ಮಾಡುತ್ತಾರೆ. ನಾವು ಕಟ್ಟಿಕೊಂಡು ಹೋಗಿದ್ದ ಅಕ್ಕಿ ಒಟ್ಟಿ ಮತ್ತು ಎಳ್ಳು ಪಜ್ಜಿ ಅಲ್ಲಿಯೇ ಮುಗಿಯಿತು. ಕೊನೆಯ ಏರಿನಲ್ಲಿ ಶೋಲಾದೊಳಗೆ ಹಾಯುವ ಕಾಲುದಾರಿ ಚಿಕ್ಕದಾದರೂ ಮರೆಯಲಾಗದ್ದು. ಪಾಚಿ ಮೆತ್ತಿದ ಕಾಂಡಗಳು, ಕೊಂಬೆಗಳಲ್ಲಿ ಸೀತಾಳೆಯ ಗೆಡ್ಡೆಗಳು, ಕಾಲ ಬಳಿ ಗುರಿಗೆಯ ಪೊದೆಗಳು. ಗುರಿಗೆಯ ಕುಲದ ಹಲವು ಜಾತಿಗಳು ವರ್ಷಗಟ್ಟಲೆ ಕಾದು ಒಟ್ಟಿಗೆ ಅರಳಿ, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. 2021ರ ಆಗಸ್ಟ್‌ನಲ್ಲಿ ಮಾಂದಲಪಟ್ಟಿಯ ಕಡೆಯ ಗುಡ್ಡಗಳು ಇದೇ ಕುಲದ ಕುರಿಂಜಿಯಿಂದ ನೀಲಿಯಾದಾಗ ಕೊಡಗಿನವರೇ ಸಾಲುಗಟ್ಟಿ ನೋಡಲು ಹೋದದ್ದು ನೆನಪಿರಬಹುದು.

ಹಾಗಿದ್ದೂ ಈ ಹಾದಿಯನ್ನು ಎರಡನೆಯ ಸ್ಥಾನಕ್ಕೆ ಇಳಿಸಿದ್ದು ಜನಸಂದಣಿಯ ಕಾರಣಕ್ಕೆ. ನಾನು ಮೊದಲ ಬಾರಿ ಹೋದದ್ದು ಒಂದು ಭಾನುವಾರ. ನಗರದ ಪ್ರವಾಸ ಸಂಸ್ಥೆಯೊಂದು ನಲವತ್ತಕ್ಕೂ ಹೆಚ್ಚು ಮಂದಿಯನ್ನು ಒಬ್ಬನೇ ಮುಂದಾಳುವಿನ ಜೊತೆ ಕರೆತಂದಿತ್ತು. ಒಬ್ಬರ ಚೀಲದಲ್ಲಿ ಧ್ವನಿವರ್ಧಕ ಹಾಡುತ್ತಿತ್ತು. ಶೋಲಾದ ಒಳಗೆ ತಿಂಡಿಯ ಪೊಟ್ಟಣಗಳು ಬಿದ್ದಿದ್ದವು. ಆ ಮುಂದಾಳುವನ್ನು ನಾನು ವಿನಯದಿಂದಲೇ ಕೇಳಿದೆ: ‘ತಮ್ಮಾ, ಈ ಕಾಡಿನ ಒಂದು ಮರದ ಹೆಸರನ್ನಾದರೂ ಇವರಿಗೆ ಹೇಳಿದ್ದೀಯಾ?’ ಅವನು ನಾಚಿ ತಲೆ ತಗ್ಗಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಕಲಿಸಿರಲಿಲ್ಲ. ಎರಡನೆಯ ಬಾರಿ ಮಂಗಳವಾರ ಹೋದಾಗ ಇದೇ ಹಾದಿಯಲ್ಲಿ ಬೆಳಿಗ್ಗೆ ಸಿಳ್ಳಾರ ಹಕ್ಕಿಯ ಸಿಳ್ಳು ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಯವರೆಗೆ ನಮ್ಮನ್ನು ಬಿಡದೆ ಹಿಂಬಾಲಿಸಿತು. ಮೊದಲ ಬಾರಿ ಚಾರಣಕ್ಕೆ ಹೊರಟವರಿಗೆ, ಮಕ್ಕಳಿರುವವರಿಗೆ ಇದೇ ತಕ್ಕ ಹಾದಿ, ಆದರೆ ವಾರದ ನಡುವೆ.

ಪುಷ್ಪಗಿರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1712 ಮೀಟರ್ ಎತ್ತರದ ಈ ಬೆಟ್ಟವನ್ನು ದಕ್ಷಿಣ ಕನ್ನಡದ ಕಡೆಯಿಂದ ಕುಮಾರಪರ್ವತವೆಂದು ಹತ್ತುವವರೇ ಬಹಳ. ಸೋಮವಾರಪೇಟೆಯಿಂದ ಶಾಂತಳ್ಳಿಯ ಮೇಲೆ ಹೆಗ್ಗಡೆಮನೆಗೆ ಬಂದು ಹತ್ತುವ ಕೊಡಗಿನ ದಾರಿ ಗಿಡ್ಡ, ನೆರಳು ಹೆಚ್ಚು. ಕಾಡು ಬಹುತೇಕ ಒಂದೇ ಬಗೆಯದು, ಆಮೇಲೆ ನೇರವಾಗಿ ಬಂಡೆ; ಒದ್ದೆಯಾದಾಗ ಆ ಬಂಡೆ ಅಪಾಯಕಾರಿ. ದಮ್ಮಿರುವವರಿಗೆ ಇದು ಹಿಗ್ಗಿನ ಹಾದಿ, ನಿಧಾನವಾಗಿ ನೋಡುತ್ತಾ ಹೋಗುವವರಿಗೆ ಬ್ರಹ್ಮಗಿರಿಯಷ್ಟು ಕೊಡುವುದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಮಿತಿಮೀರಿದ ಮೇಲೆ ರಾಜ್ಯದ ಚಾರಣದ ಹಾದಿಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ಮತ್ತು ದಿನಕ್ಕೆ ಇಷ್ಟೇ ಜನವೆಂಬ ಮಿತಿ ಬಂತು. ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಹೊರಡುವ ಮುನ್ನ ಹಾದಿ ತೆರೆದಿದೆಯೇ ಎಂದು ವಿಚಾರಿಸಲೇಬೇಕು: ಜೋರು ಮಳೆಯಲ್ಲಿ, ಬೇಸಗೆಯ ಕಾಳ್ಗಿಚ್ಚಿನ ದಿನಗಳಲ್ಲಿ ಮುಚ್ಚುವುದುಂಟು. ಹುತ್ತರಿಯಿಂದ ಜನವರಿ ಕೊನೆಯವರೆಗೆ ಮೂರೂ ಹಾದಿಗಳಿಗೆ ಒಳ್ಳೆಯ ಕಾಲ.

ಮಳೆಗಾಲ ಮುಗಿದ ಕೂಡಲೇ ಹೋಗುವವರಿಗೆ ಇಂಬಳದ ಕಾಟ ತಪ್ಪುವುದಿಲ್ಲ. ಉದ್ದನೆಯ ಕಾಲುಚೀಲ, ಹೊಗೆಸೊಪ್ಪು ನೆನೆಸಿದ ನೀರು ಅಥವಾ ಒಂದು ಸಣ್ಣ ಬಟ್ಟೆಯಲ್ಲಿ ಕಟ್ಟಿದ ಉಪ್ಪು ಇದ್ದರೆ ಸಾಕು. ಅದು ಕಚ್ಚಿದ ಜಾಗದಲ್ಲಿ ರಕ್ತ ನಿಲ್ಲಲು ಹೊತ್ತಾಗುವುದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವೊಂದನ್ನು ಅದು ಬಿಡುವುದರಿಂದ; ಹೆದರಬೇಕಾದ್ದಿಲ್ಲ.

ಬೆಟ್ಟ ಹತ್ತಲಾಗದವರಿಗೂ ಒಂದು ನಡಿಗೆ ಇದೆ, ಅದನ್ನು ಹೇಳದೆ ಈ ಬರಹ ಮುಗಿಯದು. ಕಕ್ಕಬ್ಬೆಯ ಆಸುಪಾಸಿನ ಒಂದು ಹೋಮ್‌ಸ್ಟೇಯಲ್ಲಿ ನಾವು ಎರಡು ರಾತ್ರಿ ಉಳಿದಿದ್ದೆವು. ಹಿಂದೊಮ್ಮೆ ಬೇರೊಂದು ಕಡೆ ‘ಪ್ರಕೃತಿ ನಡಿಗೆ’ ಎಂದು ಹಣ ಪಡೆದು ಫೋಟೊ ತೆಗೆಯುವ ಜಾಗಕ್ಕೆ ಕರೆದೊಯ್ದು ವಾಪಸು ತಂದಿದ್ದರು. ಈ ಮನೆಯವರು ಹಾಗಲ್ಲ. ಬೆಳಿಗ್ಗೆ ನೂಪುಟ್ಟು ಬಡಿಸಿದ ಅಜ್ಜಿಯೇ, ಎಪ್ಪತ್ತು ದಾಟಿದವರು, ಸೆರಗು ಸಿಕ್ಕಿಸಿಕೊಂಡು ನಮ್ಮನ್ನು ಊರಿನ ದೇವರಕಾಡಿನ ಅಂಚಿನವರೆಗೆ ಕರೆದೊಯ್ದರು. ಕೊಡಗಿನಲ್ಲಿ ಇಂಥ 1214 ದೇವರಕಾಡುಗಳು ದಾಖಲೆಯಲ್ಲಿವೆ, ಒಟ್ಟು ವಿಸ್ತಾರ ಸುಮಾರು 2550 ಹೆಕ್ಟೇರ್. ಹಲವು ಬಹಳ ಚಿಕ್ಕವು, ಸುತ್ತಲೂ ತೋಟ ಮುತ್ತಿಕೊಂಡವು. ಆದರೂ ಸುತ್ತಲಿನ ತೋಟದಲ್ಲಿ ಕಾಣದ ಹಳೆಯ ಮರಗಳು ಅವುಗಳೊಳಗೆ ಉಳಿದಿವೆ. ಕೊಡಗಿನ ಹಲವು ದೇವರಕಾಡುಗಳಂತೆ ಇದೂ ಬೇಟೆಯ ದೇವರಾದ ಅಯ್ಯಪ್ಪನದು. ಮರದ ಬುಡದಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿದ್ದವು, ಹಳೆಯವು ಪಾಚಿ ಹಿಡಿದು ಮಣ್ಣಿಗೆ ಮರಳುತ್ತಿದ್ದವು.

ತೋಟದ ಬೇಲಿಯ ಬಳಿ ಅಜ್ಜಿ ಒಂದು ಸಣ್ಣ ಪೊದೆಯನ್ನು ತೋರಿಸಿ, ‘ಇದೇ ಮದ್ದು ಸೊಪ್ಪು ಮೋಳೇ, ಈಗ ಇದರಲ್ಲಿ ಏನೂ ಇಲ್ಲ, ಕಕ್ಕಡದಲ್ಲಿ ಬಾ’ ಎಂದು ನನ್ನ ಹೆಂಡತಿಗೆ ಹೇಳಿದರು. ಕಕ್ಕಡ ಮಾಸದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಈ ಸೊಪ್ಪಿಗೆ ಹದಿನೆಂಟು ಬಗೆಯ ಮದ್ದಿನ ಗುಣ ಸೇರುತ್ತದೆ ಎಂಬುದು ಕೊಡವರ ನಂಬಿಕೆ. ಅಂದು ಅದನ್ನು ಕುದಿಸಿದ ಕಡುನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಮಳೆ ಅತ್ಯಂತ ಬಿರುಸಾಗಿರುವ, ಗದ್ದೆಯ ಕೆಲಸ ಮೈಮುರಿಯುವ ತಿಂಗಳಲ್ಲಿ ಒಂದು ಗಿಡವನ್ನು ಹೀಗೆ ದಿನಾಂಕ ಹಿಡಿದು ನೆನಪಿಟ್ಟ ಜನ ತಮ್ಮ ಕಾಡನ್ನು ಎಷ್ಟು ಹತ್ತಿರದಿಂದ ನೋಡಿರಬೇಕು ಎಂದು ನನಗೆ ಅಂದು ಅರಿವಾಯಿತು.

ಈ ನಡಿಗೆಗೆ ಅಜ್ಜಿ ಹಣ ಕೇಳಲಿಲ್ಲ. ದೇವರಕಾಡಿನ ಒಳಗೆ ಹೋಗುವುದಕ್ಕೆ ಊರಿನ ಮುಖ್ಯಸ್ಥರಾದ ತಕ್ಕರ ಒಪ್ಪಿಗೆ ಬೇಕು, ಚಪ್ಪಲಿ ಹೊರಗೆ ಬಿಡಬೇಕು, ಒಣಗಿದ ಕಡ್ಡಿಯನ್ನೂ ಎತ್ತಿಕೊಂಡು ಬರಬಾರದು. ಕೆಲವು ಕಾಡುಗಳಿಗೆ ಹೆಂಗಸರು ಹೋಗುವ ಪದ್ಧತಿಯಿಲ್ಲ, ಕೆಲವನ್ನು ಹಬ್ಬದ ದಿನಗಳಲ್ಲಿ ಮಾತ್ರ ತೆರೆಯುತ್ತಾರೆ. ಆದ್ದರಿಂದ ಕೋಣೆ ಕಾದಿರಿಸುವಾಗಲೇ ಮನೆಯವರನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ನಾವು ಅಂಚಿನಲ್ಲಿಯೇ ನಿಂತು, ಅಜ್ಜಿ ಬೆರಳು ತೋರಿದ ಮರಗಳನ್ನು ಒಂದೊಂದಾಗಿ ಎಣಿಸಿದೆವು. ನಲವತ್ತು ಹೆಜ್ಜೆಯೊಳಗೆ ಹದಿನೇಳು ಹೆಸರು ಹೇಳಿದರು.